ಗೂಡಿನ ಚಿಲಕ

ಬಾಗಿಲನ್ನು ಮುಚ್ಚಿದವನನ್ನು ಯಾರೂ ಕಾರಣ ಕೇಳುವುದಿಲ್ಲ. ತೆರೆದವನನ್ನು ಎಲ್ಲರೂ ಕೇಳುತ್ತಾರೆ. ತೆರೆದುದರಿಂದ ಕೇಡು ಸಂಭವಿಸಿದರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ, ಊರಿನವರ ಬಾಯಿಗೂ ಬರುತ್ತದೆ. ಮುಚ್ಚಿದುದರಿಂದ ಆದ ಕೇಡು ಮುಚ್ಚಿದ ಬಾಗಿಲಿನ ಹಿಂದೆಯೇ ಉಳಿಯುತ್ತದೆ. ಕಾವಲು, ರಕ್ಷಣೆ, ಶಿಸ್ತು ಮುಂತಾದವುಗಳ ವಿಷಯದಲ್ಲಿ ನಾವು ಮಾಡುವ ತೀರ್ಮಾನಗಳೆಲ್ಲ ಮೊದಲಿನಿಂದಲೂ ಒಂದು ಕಡೆಗೆ ವಾಲಿಕೊಂಡೇ ಇರುವುದಕ್ಕೆ ಇದೇ ಕಾರಣವೆಂದು ತೋರುತ್ತದೆ. ಪ್ರಸ್ತುತ ಲೇಖನದಲ್ಲಿ ನಾವು ಎತ್ತಿಕೊಂಡಿರುವ ವಿಷಯ ಬಹು ಚಿಕ್ಕದು. ರಾತ್ರಿಯ ವೇಳೆ ಗೂಡಿನಲ್ಲಿ ಮಲಗಿ ಬೆಳೆದ ನಾಯಿಮರಿಯನ್ನು ಯಾವಾಗ, ಹೇಗೆ, ಯಾವ ಧೈರ್ಯದಿಂದ ಗೂಡಿನ ಹೊರಗೆ ಮಲಗಿಸಬೇಕು ಎಂಬುದಷ್ಟೇ. ನಾಯಿಯ ವಿಷಯವೆಂದು ವಾಚಕರು ಪುಟ ಮಗುಚದಿರಲಿ ಎಂದು ಬೇಡಿಕೊಳ್ಳುತ್ತೇವೆ.

ವಯನಾಡಿನಲ್ಲಿ ಈ ಪ್ರಶ್ನೆ ಬಯಲುಸೀಮೆಯ ಊರುಗಳಲ್ಲಿರುವಷ್ಟು ಹಗುರವಾದುದಲ್ಲ. ೧೯೭೩ರಲ್ಲಿ ಏರ್ಪಟ್ಟ ವಯನಾಡು ವನ್ಯಜೀವಿಧಾಮದ ವಿಸ್ತಾರ ಸುಮಾರು ೩೪೪ ಚದರ ಕಿಲೋಮೀಟರು. ಅದು ಅತ್ತ ನಾಗರಹೊಳೆ, ಬಂಡೀಪುರಗಳೊಡನೆಯೂ ಇತ್ತ ಮುದುಮಲೆಯೊಡನೆಯೂ ಬೆಸೆದುಕೊಂಡಿದೆ. ಕಾಫಿತೋಟ ಎಲ್ಲಿ ಮುಗಿಯಿತು, ಕಾಡು ಎಲ್ಲಿ ಮೊದಲಾಯಿತು ಎಂಬುದು ಮನುಷ್ಯನ ನಕಾಶೆಗೆ ಗೊತ್ತೇ ಹೊರತು ಚಿರತೆಗೆ ಗೊತ್ತಿಲ್ಲ. (ಇಲ್ಲಿ ಒಂದು ಮಾತು. ಮಲೆಯಾಳದ 'ಪುಲಿ' ನಮ್ಮ ಚಿರತೆ; ನಮ್ಮ 'ಹುಲಿ' ಅವರಿಗೆ 'ಕಡುವ'. ಎರಡೂ ನುಡಿಗಳ ನಡುವೆ ಬೆಳೆಯುವ ಮಕ್ಕಳು 'ನಿನ್ನೆ ರಾತ್ರಿ ಹುಲಿ ಬಂದಿತ್ತು' ಎಂದಾಗ ಯಾವ ಮೃಗವೆಂದು ಇನ್ನೊಮ್ಮೆ ಕೇಳಿಕೊಳ್ಳುವುದು ಲೇಸು.) ಚಿರತೆಗೆ ನಾಯಿಯ ಮಾಂಸ ಬಹು ಪ್ರಿಯ. ಮಹಾರಾಷ್ಟ್ರದ ಅಕೋಲೆ ಕಣಿವೆಯಲ್ಲಿ ಚಿರತೆಗಳ ಹಿಕ್ಕೆಯನ್ನು ಪರೀಕ್ಷಿಸಿದ ವಿಜ್ಞಾನಿಗಳು ಅವು ತಿಂದ ಆಹಾರದ ತೂಕದಲ್ಲಿ ನೂರಕ್ಕೆ ಸುಮಾರು ೩೯ ಪಾಲು ನಾಯಿಗಳದೇ ಎಂದು ಕಂಡುಕೊಂಡರು. ಅಂಗಳದ ಗೂಟಕ್ಕೆ ಸರಪಳಿಯಿಂದ ಬಿಗಿದ ನಾಯಿ ಅಂತಹ ಮೃಗಕ್ಕೆ ಎಲೆಯ ಮೇಲೆ ಬಡಿಸಿಟ್ಟ ಅನ್ನದಂತೆ. ಆದುದರಿಂದಲೇ ನಮ್ಮ ಕಡೆ ಸಿಮೆಂಟಿನ ನೆಲ, ಕಬ್ಬಿಣದ ಸರಳು, ಮೇಲೊಂದು ತಗಡು, ಹೊರಗಡೆ ಚಿಲಕ ಇಷ್ಟನ್ನು ಸೇರಿಸಿ ಕಟ್ಟಿದ ನಾಯಿಗೂಡು ಮನೆಮನೆಯ ಹಿತ್ತಲಿನಲ್ಲಿಯೂ ಕಾಣಸಿಗುತ್ತದೆ. ಪೇಟೆಗಳಲ್ಲಿ ಮಡಚಿಡಬಹುದಾದ ತಂತಿಯ ಪಂಜರಗಳೂ ಈಗ ಮಾರಾಟಕ್ಕಿವೆ. ಅವುಗಳನ್ನು ಮನೆಯೊಳಗಿಟ್ಟು ಮರಿಯನ್ನು ಅದರಲ್ಲಿ ಮಲಗಿಸುತ್ತಾರೆ.

ಮರಿಯಾಗಿರುವಾಗ ಗೂಡು ಬೇಡವೆಂದು ನಾವು ಹೇಳುವುದಿಲ್ಲ. ಎಳೆಯ ಮರಿ ದಿನದಲ್ಲಿ ಹದಿನೆಂಟು ಇಪ್ಪತ್ತು ಗಂಟೆಗಳ ಕಾಲ ನಿದ್ರಿಸುತ್ತದೆ. ಎಚ್ಚರವಾಗಿರುವ ಅಲ್ಪಕಾಲದಲ್ಲಿ ಸಿಕ್ಕಿದುದನ್ನೆಲ್ಲ ಬಾಯಿಗೆ ಹಾಕುತ್ತದೆ. ನಾಲ್ಕರಿಂದ ಆರನೆಯ ತಿಂಗಳವರೆಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಹುಟ್ಟುವಾಗ ಚಪ್ಪಲಿಯೂ ಮೇಜಿನ ಕಾಲೂ ವಿದ್ಯುತ್ತಿನ ತಂತಿಯೂ ಅದಕ್ಕೆ ಒಂದೇ. ಮೂತ್ರವನ್ನು ತಡೆದುಕೊಳ್ಳುವ ಶಕ್ತಿ ತಿಂಗಳಿಗೆ ಒಂದು ಗಂಟೆಯಂತೆ ಹೆಚ್ಚುತ್ತದೆಂದು ಸಾಕಿದವರು ಲೆಕ್ಕ ಹಾಕುತ್ತಾರೆ. ಇಂತಹ ಪ್ರಾಣಿಯನ್ನು ರಾತ್ರಿಯೆಲ್ಲ ಸ್ವೇಚ್ಛೆಗೆ ಬಿಡುವುದನ್ನು ಔದಾರ್ಯವೆಂದು ಕರೆಯಲಾಗದು; ಅದು ಅಲಕ್ಷ್ಯವೇ ಸರಿ.

ಆದರೆ ಗೂಡಿನ ಪರವಾಗಿ ಹೇಳುವ ಇನ್ನೊಂದು ಮಾತಿದೆ. ಅದನ್ನು ನಾವು ಅಷ್ಟು ಸುಲಭವಾಗಿ ಒಪ್ಪಲಾರೆವು. 'ನಾಯಿ ತೋಳನ ಕುಲದ್ದು, ತೋಳ ಬಿಲವಾಸಿ, ಆದುದರಿಂದ ಇಕ್ಕಟ್ಟಾದ ಗೂಡೇ ನಾಯಿಗೆ ಸಹಜ' ಎನ್ನುತ್ತಾರೆ. ತೋಳವು ಬಿಲವನ್ನು ಆಶ್ರಯಿಸುವುದು ಮರಿ ಹಾಕುವುದಕ್ಕಾಗಿ. ಮರಿಗಳು ಎಂಟು ಹತ್ತು ವಾರದವಾಗುತ್ತಲೇ ತಾಯಿ ಅವುಗಳನ್ನು ಹೊರಗೆ ಕರೆದೊಯ್ಯುತ್ತದೆ. ಬೆಳೆದ ತೋಳಗಳು ಬಯಲಿನಲ್ಲೇ ಮಲಗುತ್ತವೆ. ಅದೂ ಅಲ್ಲದೆ, ಯಾವ ತೋಳನ ಬಿಲಕ್ಕೂ ಹೊರಗಡೆಯಿಂದ ಹಾಕುವ ಚಿಲಕವಿರುವುದಿಲ್ಲ! ಸ್ವೀಡನ್ ದೇಶದಲ್ಲಿ ಪ್ರಯಾಣ, ಪ್ರದರ್ಶನ ಮುಂತಾದ ಕೆಲವು ಸಂದರ್ಭಗಳನ್ನು ಬಿಟ್ಟರೆ ನಾಯಿಯನ್ನು ಪಂಜರದಲ್ಲಿ ಕೂಡಿಡಲು ಕಾನೂನಿನ ಒಪ್ಪಿಗೆಯಿಲ್ಲ. ಅಲ್ಲಿಯೂ ಮರಿಗಳು ಬೆಳೆದು ದೊಡ್ಡವಾಗುತ್ತಿವೆ. ನಮ್ಮ ಅನುಕೂಲಕ್ಕಾಗಿ ಮಾಡಿದುದನ್ನು ಪ್ರಾಣಿಯ ಸ್ವಭಾವದ ತಲೆಗೆ ಕಟ್ಟುವುದು ಮನುಷ್ಯನ ಹಳೆಯ ಚಾಳಿ.

ಹಾಗಾದರೆ ಯಾವಾಗ ಬಿಡಬೇಕು? 'ನಂಬಿಕೆಗೆ ಯೋಗ್ಯವಾದ ಮೇಲೆ' ಎಂಬುದು ಎಲ್ಲರ ಉತ್ತರ. ಉತ್ತರ ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಯೋಚಿಸಿ ನೋಡಿದರೆ ಇದು ತನ್ನ ಬಾಲವನ್ನೇ ಅಟ್ಟುವ ನಾಯಿಯಂತಹ ಉತ್ತರ. ಬಿಡದೆ ಯೋಗ್ಯತೆ ತಿಳಿಯದು. ಯೋಗ್ಯತೆ ತಿಳಿಯದೆ ಬಿಡಲಾಗದು. ಗೂಡಿನೊಳಗೆ ನಾಯಿ ಎಷ್ಟೇ ಸಾಧುವಾಗಿದ್ದರೂ ಹೊರಗೆ ಅದು ಹೇಗಿರುವುದೆಂಬುದಕ್ಕೆ ಅದು ಸಾಕ್ಷಿಯಾಗದು. ಗೂಡಿನೊಳಗೆ ಚಪ್ಪಲಿಯೇ ಇಲ್ಲವಲ್ಲ. ಆದಕಾರಣ ಮೊದಲ ಸಲ ಚಿಲಕ ತೆಗೆಯುವವನು ಸಾಕ್ಷ್ಯವಿಲ್ಲದೆಯೇ ತೆಗೆಯಬೇಕಾಗುತ್ತದೆ. ನಂಬಿಕೆಯೆಂಬುದು ಕೊನೆಯಲ್ಲಿ ಕೊಡುವ ಬಹುಮಾನವಾಗಿರಲಾರದು. ಅದು ಮೊದಲೇ ಕೊಡಬೇಕಾದ ಸಾಲ. ಸಾಲ ಕೊಡುವಾಗ ಎಷ್ಟು ಕೊಡಬೇಕು, ಎಷ್ಟು ಮುಳುಗಿದರೆ ತಡೆದುಕೊಳ್ಳಬಲ್ಲೆವು ಎಂಬ ವಿವೇಕವಿರಬೇಕೆಂಬುದು ಬೇರೆ ಮಾತು.

ಈ ವಿವೇಕವನ್ನು ಕುರಿತು ಯೋಚಿಸುವಾಗ ನಮಗೆ ಜೈನ ಆಚಾರ್ಯರ ನೆನಪಾಗುತ್ತದೆ. ವಯನಾಡಿನಲ್ಲಿ ಕನ್ನಡದ ಹೆಜ್ಜೆಗುರುತನ್ನು ಅರಸುವವರು ಮೊದಲು ಹೋಗಿ ನಿಲ್ಲುವುದು ಬಸದಿಗಳ ಮುಂದೆ. ಸುಲ್ತಾನ್ ಬತ್ತೇರಿಯ ಕಲ್ಲಿನ ಬಸದಿ, ಕಲ್ಪೆಟ್ಟದ ಬಳಿಯ ಪುಳಿಯಾರ್‌ಮಲೆಯ ಅನಂತನಾಥ ಬಸದಿ ಇವನ್ನು ನಮ್ಮಲ್ಲಿ ಅನೇಕರು ಮಕ್ಕಳಿಗೆ ತೋರಿಸಿರಬಹುದು. ಆ ಧರ್ಮದ ಗೃಹಸ್ಥನು ಪಾಲಿಸಬೇಕಾದ ಅಹಿಂಸಾವ್ರತಕ್ಕೆ ಐದು ಬಗೆಯ ಅತಿಚಾರಗಳನ್ನು, ಎಂದರೆ ವ್ರತಕ್ಕೆ ತಗಲುವ ಕುಂದುಗಳನ್ನು, ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಎಣಿಸುತ್ತದೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕೊಯ್ಯುವುದು, ಹೊರಲಾರದ ಹೊರೆ ಹೊರಿಸುವುದು, ಅನ್ನನೀರನ್ನು ತಡೆಯುವುದು ಇವೇ ಆ ಐದು. ಹೊಡೆಯುವುದಕ್ಕಿಂತ ಮೊದಲು ಕಟ್ಟಿಹಾಕುವುದನ್ನು ಹೇಳಿದುದು ನಮ್ಮ ಗಮನವನ್ನು ಸೆಳೆಯಿತು. ಹೊಡೆತವನ್ನು ಕ್ರೌರ್ಯವೆಂದು ಯಾರಾದರೂ ಗುರುತಿಸಿಯಾರು. 'ಬಂಧ'ವನ್ನು ಗುರುತಿಸುವುದಕ್ಕೆ ಶಾಸ್ತ್ರವೇ ಬೇಕಾಯಿತು.

ಆದರೆ ದನಕರುಗಳನ್ನು ಕಟ್ಟದೆ ಒಕ್ಕಲುತನ ನಡೆಯುವುದೆಂತು? ಇದನ್ನು ಬಲ್ಲ ನಂತರದ ಆಚಾರ್ಯರು ಕಟ್ಟುವುದರಲ್ಲಿಯೇ ಎರಡು ಬಗೆ ಮಾಡಿದರು. ಮಿಸುಕಲಾರದಂತೆ ಬಿಗಿದು ಅದರ ಪಾಡಿಗೆ ಅದನ್ನು ಬಿಟ್ಟುಬಿಡುವುದು 'ನಿರಪೇಕ್ಷ'. ಅದರ ಮೇಲೆ ಗಮನವಿಟ್ಟು, ಬೆಂಕಿ ಬಿದ್ದರೆ ಬಿಚ್ಚಲು ಅಥವಾ ಕತ್ತರಿಸಲು ಬರುವಂತೆ ಸಡಿಲವಾದ ಗಂಟಿನಿಂದ ಕಟ್ಟುವುದು 'ಸಾಪೇಕ್ಷ'. ಮೊದಲನೆಯದು ಕುಂದು, ಎರಡನೆಯದು ನಿರ್ವಾಹಕ್ಕೆ ತಕ್ಕುದು. ಈ ಭೇದದಲ್ಲಿ ಅಡಗಿರುವ ಸೂಕ್ಷ್ಮತೆಯನ್ನು ನೋಡಬೇಕು. ಇಲ್ಲಿ ಹಗ್ಗದ ಉದ್ದವನ್ನು ಅಳೆದಿಲ್ಲ. ಕಟ್ಟಿದವನು ಆಮೇಲೂ ಎಚ್ಚರವಾಗಿದ್ದಾನೆಯೇ ಎಂದು ಕೇಳಿದ್ದಾರೆ.

ಬೆಂಕಿಯ ಮಾತು ನಮ್ಮ ಮಟ್ಟಿಗೆ ನೀರಿನ ಮಾತಾಗಿ ಬಂದಿದೆ. ೨೦೧೮ರ ಮಹಾಪ್ರವಾಹದಲ್ಲಿ ಮನೆ ತೊರೆಯುವವರು ದನ, ನಾಯಿಗಳ ಹಗ್ಗ ಬಿಚ್ಚಿ ಹೋಗಬೇಕೆಂಬ ಮನವಿ ಕೇರಳದಲ್ಲಿ ಕೇಳಿಬಂದಿತ್ತು. ೨೦೨೪ರ ಜುಲೈ ೩೦ರ ನಸುಕಿನಲ್ಲಿ, ಜನ ನಿದ್ರೆಯಲ್ಲಿದ್ದಾಗ, ಕುಸಿದ ಗುಡ್ಡವು ಮುಂಡಕ್ಕೈ, ಚೂರಲ್ಮಲೆ ಊರುಗಳ ಮೇಲೆ ಹರಿಯಿತು. ಇನ್ನೂರಕ್ಕೂ ಮಿಕ್ಕ ಜೀವಗಳನ್ನು ಕಳೆದುಕೊಂಡ ಆ ದುಃಖದ ಎದುರಿಗೆ ನಾಯಿಯ ಗೂಡಿನ ಮಾತನ್ನು ತರುವುದು ಔಚಿತ್ಯವಲ್ಲವೆಂದು ಅಳುಕುತ್ತೇವೆ. ಆದರೂ ಒಂದನ್ನು ಹೇಳದಿರಲಾರೆವು. ಹೊರಗಿನಿಂದ ಹಾಕಿದ ಚಿಲಕಕ್ಕೆ ಅದನ್ನು ತೆಗೆಯುವ ಕೈಯೊಂದು ಉಳಿದಿರಬೇಕು. ನಾವು ಇದ್ದೇ ಇರುತ್ತೇವೆ ಎಂಬ ಭರವಸೆಯ ಮೇಲೆ ರಾತ್ರಿ ಚಿಲಕ ಹಾಕುತ್ತೇವೆ. ಮಲೆನಾಡಿನ ಮಳೆಗಾಲದಲ್ಲಿ ಅಂತಹ ಭರವಸೆಯನ್ನು ಕೊಡಬಲ್ಲವರು ಯಾರು?

ಇನ್ನು ಕಾರ್ಯಕ್ರಮದ ವಿಷಯ. ನಮ್ಮ ಮನೆಯಲ್ಲಿ ಕರಿಯನೆಂಬ ಹತ್ತು ತಿಂಗಳ ನಾಯಿಯಿದೆ. ಎರಡು ತಿಂಗಳ ಮರಿಯಾಗಿ ಬಂದಂದಿನಿಂದ ಅದು ಮಲಗಿದ್ದು, ಗ್ರಿಲ್ ಹಾಕಿದ ಜಗುಲಿಯ ಮೂಲೆಯಲ್ಲಿದ್ದ ಗೂಡಿನಲ್ಲಿ. ಗೂಡು ಬಿಡಿಸುವ ಕೆಲಸವನ್ನು ನಾವು ಹಗಲಿನಲ್ಲಿ ಮೊದಲು ಮಾಡಿದೆವು. ಬಾಗಿಲು ಗಾಳಿಗೆ ಬಡಿದು ಬೆದರಿಸದಂತೆ ಅದನ್ನು ದಾರದಿಂದ ಸರಳಿಗೆ ಕಟ್ಟಿ ತೆರೆದಿಟ್ಟೆವು. ಒಳಗಿದ್ದ ಗೋಣಿಯ ಜೊತೆಗೆ ಅದೇ ವಾಸನೆಯ ಇನ್ನೊಂದು ಗೋಣಿಯನ್ನು ಗೂಡಿನ ಹೊರಗೆ ಹಾಸಿದೆವು. ಹೊಸ ಗೋಣಿಯಾದರೆ ನಾಯಿ ಅದನ್ನು ಹಾಸಿಗೆಯೆಂದು ತಿಳಿಯದೆ ಆಟದ ವಸ್ತುವೆಂದು ತಿಳಿಯುತ್ತದೆ. ಜಗುಲಿಯ ಮೇಲಿದ್ದ ಚಪ್ಪಲಿ, ಕೊಡೆ, ಮಕ್ಕಳ ಚೀಲ ಎಲ್ಲವನ್ನೂ ಎತ್ತಿಟ್ಟೆವು. ಸಂಜೆ ಎಂದಿಗಿಂತ ಹೆಚ್ಚು ನಡೆಸಿ, ಮಲಗುವ ಮುನ್ನ ಒಮ್ಮೆ ಹೊರಗೆ ಬಿಟ್ಟು ತಂದು, ರಾತ್ರಿಯೂ ಗೂಡಿನ ಬಾಗಿಲನ್ನು ತೆರೆದೇ ಇಟ್ಟೆವು. ಗ್ರಿಲ್ಲಿಗೆ ಮಾತ್ರ ಬೀಗ ಬಿತ್ತು. ನಮ್ಮಲ್ಲಿ ಒಬ್ಬರು ಸದ್ದು ಕೇಳಿಸುವಷ್ಟು ಹತ್ತಿರದ ಕೋಣೆಯಲ್ಲಿ ಮಲಗಿದೆವು.

ಮೊದಲ ರಾತ್ರಿ ಕರಿಯ ಗೂಡು ಬಿಟ್ಟು ಕದಲಲಿಲ್ಲ. ಎರಡನೆಯ, ಮೂರನೆಯ ರಾತ್ರಿಗಳೂ ಹಾಗೆಯೇ ಕಳೆದುವು. ತೆರೆದ ಬಾಗಿಲಿನ ಹೊಸ್ತಿಲ ಮೇಲೆ ಮುಂಗಾಲುಗಳನ್ನು ಚಾಚಿ ನಿದ್ರಿಸುತ್ತಿತ್ತು. 'ನೋಡಿದಿರಾ, ಅದಕ್ಕೆ ಗೂಡೇ ಇಷ್ಟ' ಎಂದು ಮನೆಯ ಹಿರಿಯರೊಬ್ಬರು ತೀರ್ಪು ಕೊಟ್ಟರು. ನಾಯಿ ಒಳಮನೆಯತ್ತ ಬರುವುದು ಅವರಿಗೆ ಮೊದಲೇ ಒಗ್ಗದ ವಿಷಯ.

ಈ ತೀರ್ಪು ನಮ್ಮನ್ನು ಬಹಳ ಕಾಡಿತು. ತೆರೆದ ಬಾಗಿಲಿನೊಳಗೆ ಉಳಿದ ಪ್ರಾಣಿ ತೃಪ್ತಿಯಿಂದ ಉಳಿಯಿತೋ, ಬೇರೆ ದಾರಿಯುಂಟೆಂದು ತಿಳಿಯದೆ ಉಳಿಯಿತೋ? ಹೊರನೋಟಕ್ಕೆ ಎರಡೂ ಒಂದೇ. ೧೯೬೭ರಲ್ಲಿ ಅಮೆರಿಕೆಯ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಸೆಲಿಗ್ಮನ್ ಮತ್ತು ಮೇಯರ್ ಎಂಬವರು ಪ್ರಕಟಿಸಿದ ಪ್ರಯೋಗವನ್ನು ಶಿಕ್ಷಣ ಮನಶ್ಶಾಸ್ತ್ರವನ್ನು ಓದಿದವರಲ್ಲಿ ಕೆಲವರಾದರೂ ಬಲ್ಲರು. ಕೆಲವು ನಾಯಿಗಳಿಗೆ, ಅವು ಏನು ಮಾಡಿದರೂ ನಿಲ್ಲಿಸಲಾಗದಂತೆ, ವಿದ್ಯುತ್ತಿನ ಆಘಾತ ಕೊಟ್ಟರು. ಮರುದಿನ ಗಿಡ್ಡ ತಡಿಕೆಯೊಂದನ್ನು ಹಾರಿದರೆ ಪಾರಾಗಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟರು. ಅವುಗಳಲ್ಲಿ ಹೆಚ್ಚಿನವು ಹಾರಲೇ ಇಲ್ಲ; ಕುಳಿತಲ್ಲೇ ಕುಳಿತು ನೋವುಂಡವು. ಆ ಪ್ರಯೋಗವೇ ಕ್ರೂರವಾದುದೆಂದು ನಾವು ಹೇಳಬಯಸುತ್ತೇವೆ. ಆದರೂ ಅದರಿಂದ ತಿಳಿದುಬಂದುದನ್ನು ತಿಳಿಯದಂತಿರಲಾಗದು. ಅಂತಹ ನಾಯಿಗಳಿಗೆ ತಡಿಕೆಯನ್ನು ತಗ್ಗಿಸಿ ತೋರಿಸಿದರೂ ಪ್ರಯೋಜನವಾಗಲಿಲ್ಲ. ಕುತ್ತಿಗೆಗೆ ಹಗ್ಗ ಹಾಕಿ ಮತ್ತೆ ಮತ್ತೆ ಆಚೆಗೆ ಎಳೆದು ದಾಟಿಸಿದ ಮೇಲೆಯೇ ಅವು ತಾವಾಗಿ ದಾಟಲು ಕಲಿತವು ಎಂದು ೧೯೬೮ರ ವರದಿ ಹೇಳುತ್ತದೆ.

ಅರ್ಧ ಶತಮಾನದ ತರುವಾಯ, ೨೦೧೬ರಲ್ಲಿ, ಅದೇ ಇಬ್ಬರು ತಮ್ಮ ಹಿಂದಿನ ವಿವರಣೆ ತಲೆಕೆಳಗಾಗಿತ್ತೆಂದು ಬರೆದರು. ಮಿದುಳಿನ ಮೇಲೆ ನಡೆದ ಸಂಶೋಧನೆಯಿಂದ ಅವರು ಕಂಡುಕೊಂಡುದು ಇದು: ದೀರ್ಘಕಾಲದ ಕಷ್ಟದ ಮುಂದೆ ಸುಮ್ಮನಾಗುವುದು ಪ್ರಾಣಿಯ ಮೂಲಸ್ವಭಾವ, ಅದನ್ನು ಯಾರೂ ಕಲಿಸಬೇಕಾಗಿಲ್ಲ, 'ನಾನು ಮಾಡಿದುದರಿಂದ ಏನಾದರೂ ಆಗುತ್ತದೆ' ಎಂಬುದನ್ನೇ ಕಲಿಯಬೇಕಾದುದು. ನಮಗೆ ಇದು ಬಹು ದೊಡ್ಡ ಮಾತಾಗಿ ತೋರಿತು. ಹಾಗಿದ್ದಲ್ಲಿ ಗೂಡಿನ ಬಾಗಿಲನ್ನು ತೆರೆದಿಟ್ಟು 'ಬೇಕಾದರೆ ಬರಲಿ' ಎಂದು ಹೋಗಿ ಮಲಗಿದವನ ಕರ್ತವ್ಯ ಮುಗಿಯಲಿಲ್ಲ. ಗೂಡಿನಲ್ಲಿ ಬೆಳೆದ ಮರಿ ಅತ್ತಾಗಲೆಲ್ಲ, ಅಳು ನಿಲ್ಲುವ ತನಕ ತಿರುಗಿ ನೋಡಬಾರದೆಂಬ ಉಪದೇಶವನ್ನು ಹಲವರು ಕೊಡುತ್ತಾರೆ. ಆ ಉಪದೇಶದಂತೆ ಬೆಳೆದ ಮರಿಯ ಮೌನವನ್ನು ಒಪ್ಪಿಗೆಯೆಂದು ಓದಬಹುದೇ?

ನಾಲ್ಕನೆಯ ರಾತ್ರಿ ನಾವು ಗೂಡಿನ ಬಳಿ ಕುಳಿತು, ಹೊರಗಿನ ಗೋಣಿಯ ಮೇಲೆ ಕೈಯಿಟ್ಟು ಕರಿಯನನ್ನು ಕರೆದೆವು. ಬಂತು, ಸುತ್ತಲೂ ಮೂಸಿ ನೋಡಿತು, ಮತ್ತೆ ಒಳಗೆ ಹೋಯಿತು. ಆರನೆಯ ರಾತ್ರಿ ತಾನಾಗಿ ಎದ್ದು ಬಂದು ಒಳಬಾಗಿಲಿನ ಹೊಸ್ತಿಲಿಗೆ ಬೆನ್ನೊತ್ತಿ ಮಲಗಿತು. ನಡುರಾತ್ರಿಯಲ್ಲಿ ಬಾಗಿಲನ್ನು ಕೆರೆದು ಎಬ್ಬಿಸಿತು. ಹೊರಗೆ ಕರೆದುಕೊಂಡು ಹೋದೆವು, ಮೂತ್ರ ಮಾಡಿತು, ಬಂದು ಮಲಗಿತು. ನಿದ್ರೆಗೆಟ್ಟುದು ನಿಜ. ಆದರೆ ತಾನು ಕೆರೆದರೆ ಒಬ್ಬರು ಏಳುತ್ತಾರೆಂಬುದು ಆ ರಾತ್ರಿ ಅದಕ್ಕೆ ತಿಳಿಯಿತು. ಇದಾದ ಮೇಲೂ ಗುಡುಗಿದ ದಿನ ಅದು ಗೂಡಿಗೇ ಓಡುತ್ತದೆ. ಓಡಲಿ. ಅದೇ ಸರಳು, ಅದೇ ತಗಡು. ಚಿಲಕ ಒಂದು ಹೋದುದರಿಂದ ಅದು ಈಗ ಆಶ್ರಯವಾಗಿದೆ.

ಬಾಗಿಲು ತೆರೆದುದೆಲ್ಲ ಬಿಡುಗಡೆಯೆಂದು ಭ್ರಮಿಸುವಂತಿಲ್ಲ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ದೊಡ್ಡ ದೃಷ್ಟಾಂತವಿದೆ. ಮುತ್ತಂಗದ ಆನೆಶಿಬಿರದಲ್ಲಿ ದಪ್ಪ ದಿಮ್ಮಿಗಳಿಂದ ಕಟ್ಟಿದ ಕ್ರಾಲ್ ಎಂಬ ದೊಡ್ಡಿಯಿದೆ. ಜನರ ಜೀವಕ್ಕೂ ಬೆಳೆಗೂ ಕಂಟಕವಾಗಿದ್ದ ಕಲ್ಲೂರಿನ ಒಂಟಿಸಲಗವನ್ನು ೨೦೧೬ರಲ್ಲಿಯೂ ವಡಕ್ಕನಾಡಿನ ಸಲಗವನ್ನು ೨೦೧೯ರಲ್ಲಿಯೂ ಹಿಡಿದು ಅಲ್ಲಿ ಪಳಗಿಸಿದರು. ಮಾವುತನ ಮಾತಿಗೆ ಒಗ್ಗಿದ ಮೇಲೆ ದಿಮ್ಮಿಗಳನ್ನು ತೆಗೆದು ಅವನ್ನು ಹೊರಗೆ ತಂದರು. ಭರತ, ವಿಕ್ರಮ ಎಂಬ ಹೊಸ ಹೆಸರುಗಳೂ ಬಂದುವು. ೨೦೨೩ರ ಜನವರಿಯಲ್ಲಿ ಪಾಲಕ್ಕಾಡಿನ ಧೋಣಿಯಲ್ಲಿ ಇನ್ನೊಂದು ಕಾಡಾನೆಯನ್ನು ಹಿಡಿದು ಕ್ರಾಲಿಗೆ ನೂಕುವುದಕ್ಕೆ ನೆರವಾದವುಗಳಲ್ಲಿ ಈ ಎರಡು ಆನೆಗಳೂ ಇದ್ದುವು. ರೈತರ ಸಂಕಟವನ್ನು ಕಂಡ ನಾವು ಹಿಡಿದವರನ್ನು ದೂಷಿಸುವುದಿಲ್ಲ. ಆದರೆ ಅಲ್ಲಿ ಬಾಗಿಲು ತೆರೆಯುವುದಕ್ಕೆ ಇಟ್ಟ ಪರೀಕ್ಷೆ ವಿಧೇಯತೆಯೊಂದೇ. ಹೇಳಿದಂತೆ ಕೇಳುವುದರಿಂದ ಹೊರಬಂದ ಪ್ರಾಣಿಗೆ ಹೊರಗೂ ಹೇಳುವವರು ಬೇಕು. ನಾಯಿಯ ವಿಷಯದಲ್ಲಿ ನಾವು ಕಾಯಬೇಕಾದುದು ಬೇರೊಂದನ್ನು: ಯಾರೂ ನೋಡದಿರುವಾಗ ಅದು ತಾನೇ ಒಂದು ಜಾಗವನ್ನು ಆರಿಸಿ ಮಲಗುವುದನ್ನು.

ಶಾಲೆಯಲ್ಲಿ ಎರಡು ಗೆರೆಯ ಕಾಪಿಪುಸ್ತಕದಿಂದ ಒಂದು ಗೆರೆಗೂ, ಅಲ್ಲಿಂದ ಬರಿಯ ಬಿಳಿಯ ಹಾಳೆಗೂ ಮಗುವನ್ನು ದಾಟಿಸುವಾಗ ನಾವೆಲ್ಲರೂ ಇದನ್ನು ಕಾಣುತ್ತೇವೆ. ಅಕ್ಷರ ಮುತ್ತಿನಂತೆ ಬರೆಯುತ್ತಿದ್ದ ಮಗುವಿನ ಸಾಲು ಬಿಳಿಯ ಹಾಳೆಯ ಮೇಲೆ ಏಣಿ ಹತ್ತುತ್ತದೆ. ಆಗ ಮತ್ತೆ ಎರಡು ಗೆರೆಗೆ ಹಿಂದಿರುಗಿಸುವ ಉಪಾಧ್ಯಾಯರೂ ಇದ್ದಾರೆ. ಏಣಿ ಹತ್ತಿದ ಸಾಲಿನಲ್ಲಿ ಮಗು ಮೊದಲ ಬಾರಿಗೆ ತಾನೇ ಗೆರೆಯನ್ನು ಕಲ್ಪಿಸಿಕೊಳ್ಳುತ್ತಿದೆ ಎಂಬುದನ್ನು ಅವರು ಗಮನಿಸುವುದಿಲ್ಲ. ಇದು ದಾರಿ ಬಿಟ್ಟ ಮಾತಾಯಿತು.

ಇಷ್ಟೆಲ್ಲ ಹೇಳಿದ ಮೇಲೆಯೂ ಮುಖ್ಯವಾದ ಆಕ್ಷೇಪ ಉಳಿದೇ ಇದೆ: ಬಿಟ್ಟ ನಾಯಿ ಸತ್ತರೆ? ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರಕಾರಿ ಮ್ಯೂಸಿಯಮ್ಮಿನಲ್ಲಿರುವ ಶಾಸನವನ್ನು ಕನ್ನಡ ಉಪಾಧ್ಯಾಯರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಕ್ರಿ.ಶ. ೯೫೦ರ ಸುಮಾರಿನ ಕಲ್ಲು ಅದು. ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನಿಗೆ ಗಂಗರಸ ಬೂತುಗನು ಬೇಕಾದುದನ್ನು ಕೇಳೆಂದಾಗ ಆತ ಕೇಳಿ ಪಡೆದುದು ಕಾಳಿ ಎಂಬ ಬೇಟೆನಾಯಿಯನ್ನು. ಕೆಳಲೆ ಎಂಬಲ್ಲಿ ಆ ನಾಯಿಯನ್ನು ದೊಡ್ಡ ಹಂದಿಯ ಮೇಲೆ ಬಿಡಲು ಎರಡೂ ಕಾದಾಡಿ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ನಾಯಿಯನ್ನು ಅಷ್ಟು ಗೌರವಿಸಿದ ನಾಡು ನಮ್ಮದೆಂದು ಹೆಮ್ಮೆಪಡುವುದು ವಾಡಿಕೆ. ನಮಗೆ ಆ ಕಲ್ಲು ಸ್ವಲ್ಪ ಭಯವನ್ನೂ ಹುಟ್ಟಿಸುತ್ತದೆ. ಹಂದಿಯ ಮೇಲೆ ಬೀಳುವುದು ಕಾಳಿಯ ಆಯ್ಕೆಯೋ, ಬಿಟ್ಟವನ ಆಯ್ಕೆಯೋ? ಸತ್ತ ಮೇಲೆ ನಿಲ್ಲಿಸಿದ ಕಲ್ಲು ಯಾರ ಮನಸ್ಸನ್ನು ಹಗುರಮಾಡಿತು? ಚಿರತೆ ತಿರುಗುವ ಊರಿನಲ್ಲಿ 'ಸ್ವಾತಂತ್ರ್ಯ ಕೊಟ್ಟಿದ್ದೇನೆ' ಎಂದು ನಾಯಿಯನ್ನು ಅಂಗಳಕ್ಕೆ ಬಿಟ್ಟು ತಾನು ಒಳಗೆ ಬಾಗಿಲು ಹಾಕಿ ಮಲಗುವವನು ಧರ್ಮಾತ್ಮನಲ್ಲ. ಅವನು ಚಿಲಕವನ್ನು ತೆಗೆಯಲಿಲ್ಲ. ನಾಯಿಯನ್ನು ಚಿಲಕದ ಆಚೆಗೆ ಹಾಕಿದ, ಅಷ್ಟೆ.

ನಾವು ಮಾಡಿದುದರಲ್ಲಿ ದೊಡ್ಡಸ್ತಿಕೆಯೇನೂ ಇಲ್ಲ. ಗೂಡಿನ ಚಿಲಕವನ್ನು ತೆಗೆದೆವು. ಮನೆಯ ಚಿಲಕ ಇದ್ದೇ ಇದೆ. ಕರಿಯನೂ ನಾವೂ ಈಗ ಅದೇ ಒಂದು ಚಿಲಕದ ಒಳಗೆ, ಅದೇ ಒಂದು ಚಿರತೆಗೆ ಹೆದರಿ ಮಲಗುತ್ತೇವೆ. ಬೆಂಕಿಯೋ ನೀರೋ ಬಂದರೆ ಇಬ್ಬರಿಗೂ ಒಂದೇ ಬಾಗಿಲು.

ಆದರೆ ಗ್ರಿಲ್ ಹಾಕಿದ ಜಗುಲಿ ಎಲ್ಲರಿಗೂ ಇಲ್ಲ. ಚಹತೋಟದ ಪಾಡಿಗಳಲ್ಲಿ ಒಂದೇ ಕೋಣೆಯಲ್ಲಿ ಐದಾರು ಜನ ಮಲಗುವ ಮನೆಗಳಿವೆ. ಅಲ್ಲಿ ನಾಯಿಗೆ ಒಳಗೆ ಜಾಗ ಮಾಡಿರೆಂದು ಹೇಳಲು ನಮಗೆ ಬಾಯಿ ಬರುವುದಿಲ್ಲ. ಅಂತಹವರಿಗೆ ಹಿತ್ತಲಿನ ಗೂಡು ಉಳಿಯಲೇಬೇಕು. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ೧೯೬೦ರ ಕಾಯಿದೆಯ ಹನ್ನೊಂದನೆಯ ಕಲಮು, ಮೈಯಾಡಿಸಲು ಸಾಲದಷ್ಟು ಚಿಕ್ಕ ಗೂಡಿನಲ್ಲಿ ಪ್ರಾಣಿಯನ್ನು ಇಡುವುದನ್ನೂ, ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಯನ್ನು ನಡೆದಾಡಿಸದಿರುವುದನ್ನೂ ಅಪರಾಧವೆಂದು ಎಣಿಸುತ್ತದೆ. ಮೊದಲ ತಪ್ಪಿಗೆ ಅದು ವಿಧಿಸುವ ದಂಡ ಹತ್ತರಿಂದ ಐವತ್ತು ರೂಪಾಯಿ. ಈ ಕಾಲದಲ್ಲಿ ಅದು ಒಂದು ಚಿಲಕದ ಬೆಲೆಗೂ ಸಾಲದು. ದಂಡದ ಮಾತು ಹಾಗಿರಲಿ. ಗೂಡನ್ನು ಗುಡ್ಡದ ಬುಡದಲ್ಲಾಗಲಿ ತೋಡಿನ ದಡದಲ್ಲಾಗಲಿ ಕಟ್ಟದೆ ಮನೆಯ ಗೋಡೆಗೆ ತಾಗಿಸಿ ಕಟ್ಟುವುದು, ಬೀಗ ಹಾಕದೆ ಯಾರ ಕೈಗೂ ತೆಗೆಯಲು ಬರುವ ಚಿಲಕವನ್ನಷ್ಟೇ ಇಡುವುದು, ಬೆಳಗಾಗುತ್ತಲೇ ಹಾಲು ಕೊಡಲು ಹೊರಡುವ ಮೊದಲು ಅದನ್ನು ತೆಗೆಯುವುದು ಇಷ್ಟನ್ನು ಬಡವರೂ ಮಾಡಬಲ್ಲರು. ಹಲವರು ಮಾಡುತ್ತಲೂ ಇದ್ದಾರೆ. ಮಳೆಗಾಲದಲ್ಲಿ ಎಚ್ಚರಿಕೆ ಕೊಟ್ಟ ರಾತ್ರಿಗಳಲ್ಲಿ ಗೂಡಿನ ಬಾಗಿಲನ್ನು ಏನು ಮಾಡಬೇಕೆಂಬುದನ್ನು ಮಾತ್ರ, ಚಿರತೆಯ ಭಯವೂ ಗುಡ್ಡದ ಭಯವೂ ಒಟ್ಟಿಗೆ ಇರುವಾಗ, ಆಯಾ ಮನೆಯವರೇ ಆ ರಾತ್ರಿಯೇ ನಿರ್ಧರಿಸಬೇಕಾಗುತ್ತದೆ.